ಅನ್ನಕ್ಕೆ ಒಂದು ಅಗುಳು, ಭ್ರೂಣಕ್ಕೆ?

ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಭಾನುವಾರ ಬೆಳಿಗ್ಗೆ ಜಾಗ ಸಿಗುವುದೇ ಕಷ್ಟ. ಹೊರಗೆ ಕ್ಯೂನಲ್ಲಿ ನಿಂತಿದ್ದಾಗಲೇ ಅಕ್ಕನ ಮಗಳು ಬ್ಯಾಗಿನಿಂದ ಒಂದು ಕಾಗದ ತೆಗೆದು ನನ್ನ ಕೈಗಿಟ್ಟಳು. ಐವಿಎಫ್, ಅಂದರೆ ದೇಹದ ಹೊರಗೆ ಭ್ರೂಣ ಮಾಡಿ ಗರ್ಭಕ್ಕೆ ಹಾಕುವ ಚಿಕಿತ್ಸೆಯ ಖರ್ಚಿನ ಪಟ್ಟಿ. ಇಂಜೆಕ್ಷನ್ನು, ಎಗ್ ಪಿಕಪ್ಪು, ಇಕ್ಸಿ (ಅಂಡಾಣುವಿಗೆ ವೀರ್ಯಾಣು ಚುಚ್ಚುವುದು), ಫ್ರೀಜಿಂಗು. ಕೊನೆಯ ಸಾಲಿನಲ್ಲಿ ‘ಪಿಜಿಟಿ-ಎ, ಒಂದು ಎಂಬ್ರಿಯೊಗೆ ಇಷ್ಟು’. ಅಂದರೆ ಭ್ರೂಣವನ್ನು ಗರ್ಭಕ್ಕೆ ಹಾಕುವ ಮೊದಲು ಮಾಡುವ ಪರೀಕ್ಷೆ.

“ಮಾಮಾ, ಇದನ್ನ ಮಾಡಿಸಿದ್ರೆ ಮಗು ಆಗೋದು ಗ್ಯಾರಂಟಿ ಅಂತ ಅಲ್ಲಿ ಯಾರೋ ಅಂದ್ರು. ಹೌದಾ?”

ನಾನು ಡಾಕ್ಟರಲ್ಲ. ಕಾಲೇಜಿನಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಹೇಳಿಕೊಟ್ಟವನು. ಇಡ್ಲಿ ಬರುವಷ್ಟರಲ್ಲಿ ಮುಗಿಯುವ ಉತ್ತರ ಅದಾಗಿರಲಿಲ್ಲ. ಅವಳ ಗಂಡ ನನ್ನ ಅಣ್ಣನ ಮಗ ಬೇರೆ. ಅಂದರೆ ಅವಳು ಮದುವೆಯಾಗಿದ್ದು ಸೋದರಮಾವನ ಮಗನನ್ನು. ಈ ಸಂಗತಿ ಮುಂದೆ ಬರುತ್ತದೆ.

ನಾವು ಕೂತಿದ್ದ ಜಾಗದಿಂದ ಲೋಕಲ್ ರೈಲಿನಲ್ಲಿ ಎರಡೇ ಸ್ಟೇಷನ್ ದೂರದ ಪರೇಲಿನಲ್ಲಿ, ಕೆಇಎಂ ಆಸ್ಪತ್ರೆಯಲ್ಲಿ, 1986ರ ಆಗಸ್ಟ್ 6ರಂದು ಒಂದು ಹೆಣ್ಣು ಮಗು ಹುಟ್ಟಿತು. ಭಾರತದ ಮೊದಲ ಪ್ರನಾಳ ಶಿಶು ಅಂತ ದೇಶವೇ ಸಂಭ್ರಮಿಸಿತು. ಡಾ. ಇಂದಿರಾ ಹಿಂದುಜಾ ಅವರ ಜೊತೆ ಆ ಕೆಲಸದ ಹಿಂದೆ ಇದ್ದವರು ವಿಜ್ಞಾನಿ ಟಿ. ಸಿ. ಆನಂದ್ ಕುಮಾರ್. ಆಮೇಲೆ ಅದೇ ಆನಂದ್ ಕುಮಾರ್, ಕೋಲ್ಕತ್ತಾದ ವೈದ್ಯ ಸುಭಾಷ್ ಮುಖೋಪಾಧ್ಯಾಯ ಅವರ ಹಳೆಯ ಟಿಪ್ಪಣಿಗಳನ್ನು ಓದಿ, ‘ಮೊದಲಿಗರು ನಾವಲ್ಲ, ಅವರು 1978ರಲ್ಲೇ ಮಾಡಿದ್ದರು’ ಎಂದು ಎಲ್ಲರಿಗೂ ತಿಳಿಸಿದರು. ತನ್ನ ಕಿರೀಟವನ್ನು ತಾನೇ ತೆಗೆದು ಇನ್ನೊಬ್ಬರ ತಲೆಗಿಟ್ಟವರು ವಿಜ್ಞಾನದಲ್ಲೂ ಜಾಸ್ತಿ ಸಿಗುವುದಿಲ್ಲ.

ಈಗ ಆ ಕೊನೆಯ ಸಾಲಿಗೆ ಬರೋಣ. ಗಾಜಿನ ತಟ್ಟೆಯಲ್ಲಿ ಅಂಡಾಣುವಿಗೆ ವೀರ್ಯಾಣು ಸೇರಿಸಿ ಐದು ದಿನ ಕಾದರೆ ಭ್ರೂಣ ನೂರು ಚಿಲ್ಲರೆ ಕೋಶಗಳ ಟೊಳ್ಳು ಗುಂಡಾಗುತ್ತದೆ. ಲ್ಯಾಬಿನವರು ಅದನ್ನು ‘ಬ್ಲಾಸ್ಟೊ’ ಅನ್ನುತ್ತಾರೆ. ಒಳಗೆ ಒಂದು ಮೂಲೆಯಲ್ಲಿ ಪುಟ್ಟ ಮುದ್ದೆ, ಮುಂದೆ ಮಗುವಾಗುವುದು ಅದು. ಸುತ್ತಲಿನ ಗೋಡೆ ಮುಂದೆ ಮಾಸು ಆಗುತ್ತದೆ. ಮೈಕ್ರೋಸ್ಕೋಪಿನ ಕೆಳಗೆ ಎಡಗಡೆಯ ಗಾಜಿನ ಕೊಳವೆ ಈ ಗುಂಡನ್ನು ಮೆತ್ತಗೆ ಹೀರಿ ಹಿಡಿದುಕೊಳ್ಳುತ್ತದೆ. ಲೇಸರ್ ಹೊರಗಿನ ಪೊರೆಗೆ ಒಂದು ಕಿಂಡಿ ಕೊರೆಯುತ್ತದೆ. ಬಲಗಡೆಯ ಕೊಳವೆ ಗೋಡೆಯ ಐದಾರು ಕೋಶಗಳನ್ನು ಒಳಗೆಳೆದುಕೊಳ್ಳುತ್ತದೆ. ಅವು ಬೆಲ್ಲದ ಪಾಕದ ಎಳೆಯ ಹಾಗೆ ಉದ್ದಕ್ಕೆ ಎಳೆದುಕೊಳ್ಳುತ್ತವೆ. ಲೇಸರ್ ಇನ್ನೊಮ್ಮೆ ಮಿಂಚಿದಾಗ ಎಳೆ ಕಡಿಯುತ್ತದೆ. ಕೋಶಗಳು ಪರೀಕ್ಷೆಗೆಂದು ಪುಟ್ಟ ಟ್ಯೂಬಿಗೆ, ಭ್ರೂಣ ಮೈನಸ್ 196 ಡಿಗ್ರಿಯ ದ್ರವ ಸಾರಜನಕಕ್ಕೆ. ಟ್ಯೂಬಿನ ಮೇಲಿನ ಹೆಸರನ್ನು ಇನ್ನೊಬ್ಬರು ಜೋರಾಗಿ ಓದಿ ತಾಳೆ ನೋಡುತ್ತಾರೆ. ಅಲ್ಲಿ ಅದಲುಬದಲಾದರೆ ಮುಂದಿನದೆಲ್ಲ ವ್ಯರ್ಥ.

ನಮ್ಮ ಅಮ್ಮಂದಿರು ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಚುಕಿ ನೋಡುತ್ತಾರಲ್ಲ, ಇದೂ ಅದೇ. ಆದರೆ ಪಾತ್ರೆಯ ಅಂಚಿನಿಂದ ತೆಗೆದ ಅಗುಳು ನಡುವಿನ ಅನ್ನದ ಬಗ್ಗೆಯೂ ನಿಜ ಹೇಳುತ್ತದೆಯೇ? ಅದು ನೀವು ಏನು ಹುಡುಕುತ್ತಿದ್ದೀರಿ ಎನ್ನುವುದರ ಮೇಲೆ ನಿಂತಿದೆ.

ಥಲಸ್ಸೀಮಿಯಾ ಎನ್ನುವ ರಕ್ತದ ಕಾಯಿಲೆಯನ್ನೇ ನೋಡಿ. ರಕ್ತದ ಹಿಮೋಗ್ಲೋಬಿನ್ನಿನ ಒಂದು ಭಾಗ ಮಾಡುವ ಜೀನ್ 11ನೇ ಕ್ರೋಮೊಸೋಮಿನಲ್ಲಿದೆ (ಜೀನುಗಳನ್ನು ಹೊತ್ತ ಎಳೆಗಳೇ ಕ್ರೋಮೊಸೋಮುಗಳು). ಅದರ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದರೆ ಏನೂ ಗೊತ್ತಾಗುವುದಿಲ್ಲ, ಆರಾಮಾಗಿ ಬದುಕುತ್ತಾರೆ. ಭಾರತದಲ್ಲಿ ನೂರಕ್ಕೆ ಮೂರು ನಾಲ್ಕು ಜನ ಹಾಗಿದ್ದಾರೆ. ಸಿಂಧಿ, ಲೋಹಾಣಾ ಸಮಾಜಗಳಲ್ಲಿ ಇನ್ನೂ ಜಾಸ್ತಿ. ಅಂಥ ಇಬ್ಬರು ಮದುವೆಯಾದರೆ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಎರಡೂ ಕೆಟ್ಟ ಪ್ರತಿ ಬಂದ ಮಗುವಿಗೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಕೊಡಬೇಕು. ಕೊಟ್ಟ ರಕ್ತದ ಕಬ್ಬಿಣ ಹೃದಯದಲ್ಲಿ, ಲಿವರಿನಲ್ಲಿ ಸೇರದ ಹಾಗೆ ದಿನವೂ ಔಷಧಿ. ನಾನೊಮ್ಮೆ ಒಂದು ಡೇ ಕೇರ್ ವಾರ್ಡಿನಲ್ಲಿ ಕೂತಿದ್ದೆ. ಎಂಟು ವರ್ಷದ ಹುಡುಗನೊಬ್ಬ ಎಡಗೈಗೆ ರಕ್ತ ಏರುತ್ತಿದ್ದಾಗಲೇ ಬಲಗೈಯಲ್ಲಿ ಮರಾಠಿ ಹೋಮ್‌ವರ್ಕ್ ಬರೆಯುತ್ತಿದ್ದ. “ಇವನು ಹುಟ್ಟೋ ಮೊದಲು ಇಂಥದ್ದೊಂದು ಟೆಸ್ಟ್ ಇದೆ ಅಂತ ಯಾರೂ ಹೇಳಲಿಲ್ಲ” ಎಂದಳು ತಾಯಿ.

ಈ ತಪ್ಪು ಅಪ್ಪ ಅಮ್ಮನಿಂದಲೇ ಬಂದಿರುತ್ತದೆ. ಆದ್ದರಿಂದ ಭ್ರೂಣದ ಪ್ರತಿ ಕೋಶದಲ್ಲೂ ಅದೇ ಇರುತ್ತದೆ. ಅಂಚಿನದಾಗಲಿ ನಡುವಿನದಾಗಲಿ, ಯಾವ ಅಗುಳಾದರೂ ಒಂದೇ ಮಾತು ಹೇಳುತ್ತದೆ. ಹೀಗೆ ಭ್ರೂಣದಲ್ಲಿ ಒಂದು ಜೀನಿನ ಕಾಯಿಲೆ ಹುಡುಕುವ ಪರೀಕ್ಷೆಯ ಹೆಸರು ಪಿಜಿಟಿ-ಎಂ. 1990ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಅಲನ್ ಹ್ಯಾಂಡಿಸೈಡ್ ತಂಡ ಇದಕ್ಕೆ ದಾರಿ ತೆಗೆಯಿತು. ಅಲ್ಲಿಯ ಮೊದಲ ದಂಪತಿಗಳ ಮನೆತನದಲ್ಲಿದ್ದದ್ದು ಗಂಡುಮಕ್ಕಳನ್ನು ಮಾತ್ರ ಬಾಧಿಸುವ ಕಾಯಿಲೆಗಳು. ಜೀನನ್ನೇ ನೇರವಾಗಿ ಓದಲು ಆಗ ಬರುತ್ತಿರಲಿಲ್ಲ, ಹೆಣ್ಣು ಭ್ರೂಣ ಯಾವುದೆಂದು ನೋಡಿ ಅದನ್ನೇ ಇಟ್ಟರು.

ಹಾಗಂತ ಇದೂ ಸಲೀಸಲ್ಲ. ಒಂದು ಕೋಶದಲ್ಲಿರುವ ಡಿಎನ್‌ಎ ಸುಮಾರು 6 ಪಿಕೊಗ್ರಾಂ. ಒಂದು ಗ್ರಾಂ ಅನ್ನು ಲಕ್ಷ ಕೋಟಿ ಪಾಲು ಮಾಡಿ, ಅದರಲ್ಲಿ ಆರು ಪಾಲು! ಅಷ್ಟನ್ನೇ ನಕಲು ಮಾಡಿ ಮಾಡಿ ಓದಬೇಕು. ನಕಲಿನಲ್ಲಿ ಕೆಲವೊಮ್ಮೆ ಅಪ್ಪನ ಪ್ರತಿಯೋ ಅಮ್ಮನ ಪ್ರತಿಯೋ ಬಿಟ್ಟುಹೋಗುತ್ತದೆ. ಅದಕ್ಕೇ ಜೀನಿನ ಅಕ್ಕಪಕ್ಕದ ಗುರುತುಗಳನ್ನೂ ಜೊತೆಗೆ ಓದುತ್ತಾರೆ. ಆ ಗುರುತು ಹಿಡಿಯಲು ಗಂಡ ಹೆಂಡತಿಯದಷ್ಟೇ ಅಲ್ಲ, ಕಾಯಿಲೆ ಇರುವ ಮಗುವಿದ್ದರೆ ಅದರ ರಕ್ತವನ್ನೂ ಮೊದಲೇ ಕೇಳುತ್ತಾರೆ. ಬಸಿರಾದ ಮೇಲೂ ಒಮ್ಮೆ ಪರೀಕ್ಷೆ ಮಾಡಿಸಿ ಎನ್ನುತ್ತಾರೆ. ಹಾಗೆ ಹೇಳುವ ಕ್ಲಿನಿಕ್ಕನ್ನು ನಂಬಬಹುದು.

ಪಟ್ಟಿಯಲ್ಲಿದ್ದ ಪಿಜಿಟಿ-ಎ ಬೇರೆಯೇ ಪ್ರಾಣಿ. ಅದು ಕಾಯಿಲೆ ಹುಡುಕುವುದಲ್ಲ, ಕ್ರೋಮೊಸೋಮ್ ಎಣಿಸುವುದು. 46 ಇರಬೇಕು. ಒಂದು ಹೆಚ್ಚೋ ಕಮ್ಮಿಯೋ ಆದರೆ ಸಾಮಾನ್ಯವಾಗಿ ಭ್ರೂಣ ನಿಲ್ಲುವುದಿಲ್ಲ, ಇಲ್ಲವೇ ಗರ್ಭಪಾತ ಆಗುತ್ತದೆ. ಹೆಂಗಸಿನ ಅಂಡಾಣುಗಳೆಲ್ಲ ಅವಳು ತನ್ನ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ತಯಾರಾಗಿ, ಅರ್ಧಕ್ಕೆ ನಿಂತು, ದಶಕಗಟ್ಟಲೆ ಕಾಯುತ್ತವೆ. ಕ್ರೋಮೊಸೋಮುಗಳನ್ನು ಜೋಡಿಯಾಗಿ ಹಿಡಿದಿಡುವ ಅಂಟು ಅಷ್ಟರಲ್ಲಿ ಸಡಿಲವಾಗುತ್ತದೆ. 40 ದಾಟುವ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಭ್ರೂಣಗಳಲ್ಲಿ ಲೆಕ್ಕ ತಪ್ಪಿರುತ್ತದೆ.

ಹಾಗಾದರೆ ಎಣಿಸಿ ಆರಿಸುವುದು ಒಳ್ಳೆಯದೇ ಅಲ್ವಾ? ತೊಡಕು ಅಗುಳಿನಲ್ಲೇ ಇದೆ. ಕೆಲವು ತಪ್ಪುಗಳು ಅಂಡಾಣುವಿನಿಂದ ಬಂದವಲ್ಲ, ಆಮೇಲೆ ಕೋಶ ಒಡೆದು ಎರಡಾಗುವಾಗ ಆದವು. ಆಗ ಒಂದೇ ಭ್ರೂಣದಲ್ಲಿ ಕೆಲವು ಕೋಶ ಸರಿ, ಕೆಲವು ತಪ್ಪು. ಅಂಚಿನ ಅಗುಳು ಗಟ್ಟಿ, ನಡುವಿನದು ಬೆಂದಿದೆ. ಇದಕ್ಕೆ ‘ಮೊಸಾಯಿಕ್’ ಅನ್ನುತ್ತಾರೆ. 2015ರಲ್ಲಿ ಇಟಲಿಯ ವೈದ್ಯರು ಬೇರೆ ಭ್ರೂಣಗಳೇ ಇಲ್ಲದ 18 ಹೆಂಗಸರಿಗೆ, ಅವರ ಒಪ್ಪಿಗೆ ಪಡೆದು, ಇಂಥವನ್ನೇ ಹಾಕಿದರು. ಆರು ಆರೋಗ್ಯವಂತ ಮಕ್ಕಳು ಹುಟ್ಟಿದವು. ಅದಕ್ಕೂ ಮೊದಲು ರಿಪೋರ್ಟಿನಲ್ಲಿ ‘ಅಬ್‌ನಾರ್ಮಲ್’ ಅಂತ ಕಂಡು ಎಸೆದ ಭ್ರೂಣಗಳು ಎಷ್ಟಿದ್ದವೋ.

2021ರಲ್ಲಿ ಚೀನಾದಿಂದ ದೊಡ್ಡ ಅಧ್ಯಯನವೊಂದು ಬಂತು. 20ರಿಂದ 37 ವಯಸ್ಸಿನ, ಕೈಯಲ್ಲಿ ಮೂರಾದರೂ ಒಳ್ಳೆಯ ಬ್ಲಾಸ್ಟೊ ಇದ್ದ 1,212 ಹೆಂಗಸರು. ಅರ್ಧ ಜನರಿಗೆ ಪರೀಕ್ಷೆ, ಅರ್ಧ ಜನರಿಗೆ ಸುಮ್ನೆ ನೋಡಿ ಆರಿಸಿದ್ದು. ಮಗು ಪಡೆದವರು ಪರೀಕ್ಷೆಯ ಗುಂಪಿನಲ್ಲಿ ನೂರಕ್ಕೆ 77.2, ಇನ್ನೊಂದರಲ್ಲಿ 81.8. ಗರ್ಭಪಾತ ಮಾತ್ರ ಪರೀಕ್ಷೆಯ ಗುಂಪಿನಲ್ಲಿ ಸ್ವಲ್ಪ ಕಮ್ಮಿ. ಮತ್ತೆ ಮತ್ತೆ ಗರ್ಭಪಾತದ ನೋವು ಉಂಡವರಿಗೆ, ವಯಸ್ಸಾದವರಿಗೆ ಈ ‘ಸ್ವಲ್ಪ’ ದೊಡ್ಡದೇ ಇರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪರೀಕ್ಷೆ ಭ್ರೂಣವನ್ನು ರಿಪೇರಿ ಮಾಡುವುದಿಲ್ಲ. ಇರುವುದರಲ್ಲಿ ಆರಿಸುತ್ತದೆ, ಅಷ್ಟೆ. ಮೂರೇ ಇದ್ದರೆ ಮೂರನ್ನೂ ಒಂದೊಂದಾಗಿ ಹಾಕಿ ನೋಡುವವರಿಗೆ ಯಾವುದನ್ನು ಮೊದಲು ಹಾಕಬೇಕು ಎನ್ನುವುದಷ್ಟೇ ಗೊತ್ತಾಗುತ್ತದೆ. ಗ್ಯಾರಂಟಿ ಎನ್ನುವ ಮಾತು ಎಲ್ಲಿಂದ ಬಂತೋ.

ಈ ಲೆಕ್ಕವೆಲ್ಲ ಕೇಳಿ, ಪಕ್ಕದಲ್ಲಿ ರವಾ ದೋಸೆ ಮುರಿಯುತ್ತಿದ್ದ ನಮ್ಮಮ್ಮ ಕೇಳಿದಳು: “ಅದ್ರಲ್ಲಿ ಗಂಡೋ ಹೆಣ್ಣೋ ಗೊತ್ತಾಗಲ್ವಾ?”

ಗೊತ್ತಾಗುತ್ತೆ ಅಮ್ಮ, ಕ್ರೋಮೊಸೋಮ್ ಎಣಿಸಿದ ಮೇಲೆ ಗೊತ್ತಾಗದೆ ಇರುತ್ತಾ. ಆದರೆ ಹೇಳುವ ಹಾಗಿಲ್ಲ, ಆರಿಸುವ ಹಾಗಂತೂ ಇಲ್ಲವೇ ಇಲ್ಲ. ದೇಶದಲ್ಲಿ ಮೊದಲು ಇದಕ್ಕೆ ಕಾನೂನು ಮಾಡಿದ್ದು ಮಹಾರಾಷ್ಟ್ರ, 1988ರಲ್ಲಿ. ಕೇಂದ್ರದ ಕಾನೂನು ಬಂದದ್ದು 1994ರಲ್ಲಿ. ಅದು ಕಾಗದದ ಮೇಲೇ ಉಳಿದಾಗ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಮುಂಬೈಯ ಸೆಹತ್, ಪುಣೆಯ ಮಾಸೂಮ್ ಸಂಸ್ಥೆಗಳು ಇದ್ದವು. 2003ರ ತಿದ್ದುಪಡಿ ಗರ್ಭ ನಿಲ್ಲುವ ಮುಂಚಿನ ಆಯ್ಕೆಯನ್ನೂ ನಿಷೇಧಿಸಿತು. ಐವಿಎಫ್‌ನಂಥ ಚಿಕಿತ್ಸೆಗಳಿಗೆಂದೇ 2021ರ ಎಆರ್‌ಟಿ ಕಾನೂನು ಬಂದ ಮೇಲೆ ಭ್ರೂಣದ ಪರೀಕ್ಷೆ ಇರುವುದು ಗೊತ್ತಿರುವ ಆನುವಂಶಿಕ ಕಾಯಿಲೆ ಹುಡುಕಲು. ಅಮ್ಮ “ಹೂಂ” ಅಂದಳು, ಚಟ್ನಿ ಕೇಳಿದಳು.

ಅಕ್ಕನ ಮಗಳಿಗೆ 31. ಗರ್ಭಪಾತ ಆಗಿಲ್ಲ. ನನ್ನ ಕಣ್ಣು ಹೋದದ್ದು ಪಟ್ಟಿಯಲ್ಲಿ ಇಲ್ಲದ್ದರ ಕಡೆಗೆ. ಮಾವನ ಮಗನನ್ನು ಮದುವೆಯಾದರೆ ಗಂಡ ಹೆಂಡತಿ ಇಬ್ಬರಲ್ಲೂ ಎಂಟರಲ್ಲಿ ಒಂದು ಪಾಲು ಜೀನು ಒಂದೇ ಆಗಿರುತ್ತವೆ, ಅದೇ ಅಜ್ಜ ಅಜ್ಜಿಯಿಂದ ಬಂದವು. ಸೋದರಮಾವನನ್ನೇ ಮದುವೆಯಾದರೆ ನಾಲ್ಕರಲ್ಲಿ ಒಂದು. ಅಜ್ಜನಲ್ಲಿ ಅಡಗಿದ್ದ ಒಂದು ಕೆಟ್ಟ ಪ್ರತಿ ಎರಡೂ ಕಡೆಯಿಂದ ಇಳಿದು ಮರಿಮಗುವಿನಲ್ಲಿ ಸೇರುವ ದಾರಿ ಇದು. ನಮ್ಮ ಕಡೆ ‘ಸಂಬಂಧ ಕೈಬಿಡಬಾರದು’ ಅಂತ ಮಾಡುವ ಮದುವೆಗಳು. ನಾನೇ ಮುಂದೆ ನಿಂತು ಮಾಡಿಸಿದ್ದು, ಯಾರ ಮೇಲೂ ಹೊರಿಸಲಾರೆ. ಇಬ್ಬರ ರಕ್ತದಲ್ಲಿ ಇಂಥ ಅಡಗಿದ ಜೀನುಗಳಿವೆಯಾ ಅಂತ ಯಾರೂ ನೋಡಿರಲಿಲ್ಲ. ಇದೆ ಅಂತ ಗೊತ್ತಾದರೆ ಆಗ ಪಿಜಿಟಿ-ಎಂ ಮಾಡಿಸಲು ಅರ್ಥವಿದೆ.

ಪೆನ್ನು ತೆಗೆದು ಪಟ್ಟಿಯ ಹಿಂದೆ ಎರಡು ಸಾಲು ಬರೆದುಕೊಟ್ಟೆ. ಒಂದು, ಥಲಸ್ಸೀಮಿಯಾಕ್ಕೆ ಎಚ್‌ಬಿ ಎ2 (ಹಿಮೋಗ್ಲೋಬಿನ್ನಿನ ಒಂದು ಬಗೆ) ಪರೀಕ್ಷೆ. ಇನ್ನೊಂದು, ಬೇರೆ ಕಾಯಿಲೆಗಳ ಅಡಗಿದ ಜೀನು ಹುಡುಕುವ ಕ್ಯಾರಿಯರ್ ಪರೀಕ್ಷೆ ಬೇಕೇ ಎಂದು ಜೆನೆಟಿಕ್ ಕೌನ್ಸೆಲರ್ ಹತ್ತಿರ ಕೇಳುವುದು.

ಗುರುವಾರ ವಾಟ್ಸ್ಯಾಪಿನಲ್ಲಿ ಮೊದಲ ರಿಪೋರ್ಟ್ ಬಂತು. ಎಚ್‌ಬಿ ಎ2 ನೂರಕ್ಕೆ 3.5ರ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಅವಳದು 2.7, ಅವನದು 2.9. ಕೆಳಗೆ ಅವಳ ಮೆಸೇಜು: “ಕೌನ್ಸೆಲರ್ ಸೋಮವಾರ. ಅಜ್ಜನ ಕಡೆ ಯಾರಾದ್ರೂ ಚಿಕ್ಕ ಮಕ್ಕಳು ತೀರಿಕೊಂಡಿದ್ರಾ ಅಂತ ಕೇಳ್ತಾರಂತೆ. ಅಜ್ಜಿ ಹತ್ರ ಕೇಳಿ ಇಡಿ ಮಾಮಾ.”