ಬ್ಯಾಬಿಲಾನ್ 5: ಒಂದು ಕನಸು, ಒಂದು ಪ್ರಶ್ನೆ ಹಿಡಿದು ನೋಡೋಣ

ಬ್ಯಾಬಿಲಾನ್ 5 ಎಂಬ ಅಮೆರಿಕದ ವೈಜ್ಞಾನಿಕ ಕಾಲ್ಪನಿಕ ಟಿವಿ ಧಾರಾವಾಹಿ ನೋಡಲು ಶುರು ಮಾಡಿದವರು ಮೊದಲ ಹತ್ತು ಎಪಿಸೋಡ್‌ಗಳಲ್ಲೇ ಗೊಂದಲಕ್ಕೆ ಬೀಳುತ್ತಾರೆ. ಹೆಸರುಗಳು ಜಾಸ್ತಿ, ಗ್ರಹಗಳು ಜಾಸ್ತಿ, ಯಾರಿಗೆ ಯಾರ ಮೇಲೆ ಯಾವ ಹಳೇ ದ್ವೇಷ ಅನ್ನೋದೇ ತಲೆಗೆ ಹತ್ತುವುದಿಲ್ಲ. ಎರಡನೇ ಸಲ ನೋಡುವಾಗ ನನಗೆ ದಾರಿ ಸಿಕ್ಕಿತು. ಅದನ್ನೇ ಇಲ್ಲಿ ಬರೆದಿಟ್ಟಿದ್ದೇನೆ. ಕಥೆಯ ಕೊನೆಯವರೆಗಿನ ವಿಷಯ ಇದೆ, ನೋಡದವರು ಗಮನಿಸಿ.

ಮೊದಲು ಬೇಕಾದಷ್ಟು ಹಿನ್ನೆಲೆ. 1993ರಲ್ಲಿ ಪೈಲಟ್, ಅಂದರೆ ಪರೀಕ್ಷೆಗೆಂದು ಮಾಡಿದ ಮೊದಲ ಕಂತು, ಬಂತು, ಧಾರಾವಾಹಿ 1994ರಿಂದ 1998ರವರೆಗೆ ಐದು ಸೀಸನ್ ನಡೆಯಿತು. ಒಟ್ಟು 110 ಎಪಿಸೋಡ್, ಅದರಲ್ಲಿ 92 ಬರೆದದ್ದು ಒಬ್ಬರೇ, ಜೆ. ಮೈಕೆಲ್ ಸ್ಟ್ರಾಜಿನ್ಸ್ಕಿ. ಐದು ವರ್ಷದ ಕಥೆಯ ನಕ್ಷೆ ಮೊದಲೇ ಹಾಕಿಕೊಂಡಿದ್ದರು. ಕಥೆಯಲ್ಲೂ ಸೀಸನ್‌ಗೆ ಒಂದು ವರ್ಷ, 2258ರಿಂದ 2262ರವರೆಗೆ. ಜಾಗ ಸುಮಾರು ಎಂಟು ಕಿಲೋಮೀಟರ್ ಉದ್ದದ ಒಂದು ಬಾಹ್ಯಾಕಾಶ ನಿಲ್ದಾಣ. ಬೇರೆ ಬೇರೆ ಲೋಕದ ರಾಯಭಾರಿಗಳು ಅಲ್ಲಿ ಸೇರಿ ಯುದ್ಧ ತಪ್ಪಿಸಬೇಕು, ಅದೇ ಅದರ ಕೆಲಸ.

ಎಲ್ಲರನ್ನೂ ಒಟ್ಟಿಗೆ ಹಿಂಬಾಲಿಸಲು ಹೋಗಬೇಡಿ. ಇಬ್ಬರನ್ನು ಹಿಡಿಯಿರಿ: ಸೆಂಟಾರಿ ರಾಯಭಾರಿ ಲೊಂಡೊ ಮೊಲ್ಲಾರಿ, ನಾರ್ನ್ ರಾಯಭಾರಿ ಜಿಕಾರ್. ಸೆಂಟಾರಿಗಳು ಒಂದು ಕಾಲದಲ್ಲಿ ನಾರ್ನ್ ಲೋಕವನ್ನು ಗುಲಾಮಗಿರಿಯಲ್ಲಿ ಇಟ್ಟಿದ್ದವರು. ಈಗ ಅವರ ಸಾಮ್ರಾಜ್ಯ ಮುದಿಯಾಗಿದೆ, ನಾರ್ನ್‌ಗಳು ತೊಡೆ ತಟ್ಟಿ ನಿಂತಿದ್ದಾರೆ. ಹಾಗಾಗಿ ಮೊದಲ ಎಪಿಸೋಡ್‌ನಲ್ಲಿ ದಾಳಿ ಮಾಡುವವರು ನಾರ್ನ್‌ಗಳೇ. ಜಿಕಾರ್ ಖಳನಾಯಕನಂತೆ ಕಾಣುತ್ತಾನೆ. ಲೊಂಡೊ ಕುಡಿದು, ಹಳೇ ವೈಭವ ನೆನೆದು ಕೊರಗುವ ಪಾಪದ ಮನುಷ್ಯ. ಈ ಮೊದಲ ನೋಟವನ್ನು ಒಂದು ಕಡೆ ಬರೆದಿಡಿ. ಅದು ಪೂರ್ತಿ ತಿರುಗುಮುರುಗಾಗುತ್ತದೆ.

ಅದೇ ಎಪಿಸೋಡ್‌ನಲ್ಲಿ ಲೊಂಡೊ ತನ್ನ ಸಾವಿನ ಕನಸನ್ನು ಹೇಳುತ್ತಾನೆ. ಇಪ್ಪತ್ತು ವರ್ಷ ಕಳೆದ ಮೇಲೆ ತನ್ನ ಕೈ ಜಿಕಾರ್‌ನ ಕತ್ತಿನ ಮೇಲೆ, ಜಿಕಾರ್‌ನ ಕೈ ತನ್ನ ಕತ್ತಿನ ಮೇಲೆ. ಕೇಳಿದಾಗ ಇದು ಬರೀ ಹಗೆಯ ಮಾತು ಅನ್ನಿಸುತ್ತದೆ.

ಈಗ ಪ್ರಶ್ನೆಗೆ ಬರೋಣ. ಮೊದಲ ಸೀಸನ್‌ನ 13ನೇ ಎಪಿಸೋಡ್‌ನಲ್ಲಿ ಮೋರ್ಡೆನ್ ಎಂಬ ನಗುಮುಖದ ವ್ಯಕ್ತಿ ಬಂದು ಒಬ್ಬೊಬ್ಬರನ್ನೇ ಕೇಳುತ್ತಾನೆ: ನಿಮಗೆ ಏನು ಬೇಕು? ಜಿಕಾರ್‌ಗೆ ಸೆಂಟಾರಿಗಳ ಸರ್ವನಾಶ ಬೇಕು. ಆಮೇಲೆ ಏನು ಅಂದರೆ, ತನ್ನ ಜನ ಕ್ಷೇಮವಾಗಿದ್ದರೆ ಸಾಕು ಅನ್ನುತ್ತಾನೆ. ಮೋರ್ಡೆನ್ ಎದ್ದು ಹೊರಟೇಬಿಡುತ್ತಾನೆ. ಲೊಂಡೊ ಮಾತ್ರ ಎಲ್ಲವೂ ಮೊದಲಿನ ಹಾಗೆ ಬೇಕು, ಪೂರ್ತಿ ಬೇಕು ಅನ್ನುತ್ತಾನೆ. ಮೋರ್ಡೆನ್‌ಗೆ ಬೇಕಾದ ಆಳು ಸಿಕ್ಕ. ಜಿಕಾರ್‌ನ ಆಸೆ ಕ್ರೂರವಾದದ್ದು, ಆದರೆ ಅದಕ್ಕೊಂದು ಕೊನೆ ಇದೆ. ಲೊಂಡೊನ ಆಸೆಗೆ ತಳವೇ ಇಲ್ಲ. ಇಡೀ ಧಾರಾವಾಹಿಯ ಬೀಗದ ಕೈ ಇಲ್ಲಿದೆ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಎರಡನೇ ಸೀಸನ್‌ನ ಒಂಬತ್ತನೇ ಎಪಿಸೋಡ್‌ನ ಒಂದು ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ. ಮುದಿ ಸೆಂಟಾರಿ ಚಕ್ರವರ್ತಿ ನಾರ್ನ್‌ಗಳ ಕ್ಷಮೆ ಕೇಳಲೆಂದೇ ಬಂದು ಕುಸಿದು ಬೀಳುತ್ತಾನೆ. ಅವನ ಮಾತು ಜಿಕಾರ್‌ಗೆ ತಲುಪುತ್ತದೆ. ಅವನನ್ನು ಕೊಲ್ಲಲು ಸಿದ್ಧನಾಗಿದ್ದವನೇ ಈ ಜಿಕಾರ್! ಈಗ ಮುಖ ಅರಳಿಸಿಕೊಂಡು ಬಂದು ಲೊಂಡೊಗೆ ಕುಡಿಯಲು ಕೊಡಿಸುತ್ತಾನೆ. ಅಷ್ಟರಲ್ಲಾಗಲೇ ಲೊಂಡೊನ ಮಾತಿನ ಮೇರೆಗೆ ಶ್ಯಾಡೋಗಳು, ಅಂದರೆ ಮೋರ್ಡೆನ್‌ನ ಬೆನ್ನ ಹಿಂದಿರುವ ಪುರಾತನ ಅನ್ಯಲೋಕದ ಶಕ್ತಿ, ನಾರ್ನ್ ವಸಾಹತಿನ ಮೇಲೆ ಬಿದ್ದಿದ್ದಾರೆ. ಅದು ಲೊಂಡೊಗೆ ಗೊತ್ತು, ಜಿಕಾರ್‌ಗೆ ಗೊತ್ತಿಲ್ಲ. ಲೊಂಡೊ ಪಾತ್ರದ ಪೀಟರ್ ಜುರಾಸಿಕ್ ಅವರ ಮುಖ ನೋಡಿ. ಬಾಯಿಂದ ಬಾರದ್ದೆಲ್ಲ ಅಲ್ಲಿದೆ.

ಶ್ಯಾಡೋಗಳಿಗೂ ಅವರಷ್ಟೇ ಪುರಾತನರಾದ ಎದುರಾಳಿ ವೋರ್ಲಾನ್‌ಗಳಿಗೂ ನಡೆಯುವ ದೊಡ್ಡ ಯುದ್ಧದ ಬಗ್ಗೆ ಇಷ್ಟು ಸಾಕು: ಶ್ಯಾಡೋಗಳು ನಿನಗೆ ಏನು ಬೇಕು ಅನ್ನುತ್ತಾರೆ, ವೋರ್ಲಾನ್‌ಗಳು ನೀನು ಯಾರು ಅನ್ನುತ್ತಾರೆ. ಶ್ಯಾಡೋಗಳದು ಕದನದಿಂದಲೇ ಬೆಳವಣಿಗೆ, ವೋರ್ಲಾನ್‌ಗಳದು ಹೇಳಿದಂತೆ ಕೇಳು ಅನ್ನುವ ಶಿಸ್ತು.

ಲೊಂಡೊನ ಸಹಾಯಕ ವಿರ್‌ನನ್ನು ಮರೆಯಬೇಡಿ. ಅಂಜುಬುರುಕ, ಮಾತಾಡಿದರೆ ತೊದಲುತ್ತಾನೆ. ಮೋರ್ಡೆನ್ ಅವನನ್ನೂ ಅದೇ ಪ್ರಶ್ನೆ ಕೇಳುತ್ತಾನೆ. ನಿನ್ನ ತಲೆ ಭರ್ಜಿಯ ತುದಿಯಲ್ಲಿ ಇರಬೇಕು, ಅದಕ್ಕೆ ನಾನು ಹೀಗೆ ಕೈ ಬೀಸಬೇಕು ಅಂತ ವಿರ್ ಬೆರಳಾಡಿಸಿ ತೋರಿಸುತ್ತಾನೆ. ನಾಲ್ಕನೇ ಸೀಸನ್‌ನಲ್ಲಿ ಆ ತಲೆಯ ಮುಂದೆ ನಿಂತು ಹಾಗೇ ಬೆರಳಾಡಿಸುತ್ತಾನೆ.

ಕನಸು ನಿಜವಾಗುವುದನ್ನು ಮೂರನೇ ಸೀಸನ್‌ನಲ್ಲೇ ಭವಿಷ್ಯದ ದೃಶ್ಯವಾಗಿ ತೋರಿಸುತ್ತಾರೆ. ಆ ಹೊತ್ತಿಗೆ ತಾನೇ ಚಕ್ರವರ್ತಿಯಾಗಿ ಮುದಿಯಾಗಿರುವ ಲೊಂಡೊನ ಹೆಗಲ ಮೇಲೆ ಅವನ ಮನಸ್ಸನ್ನು ಆಳುವ ಜೀವಿಯೊಂದು ಕೂತಿದೆ. ಕುಡಿದು ಅದನ್ನು ಮಲಗಿಸಿ, ಎಚ್ಚರವಾಗುವ ಮೊದಲೇ ನನ್ನನ್ನು ಕೊಲ್ಲು ಅಂತ ಜಿಕಾರ್‌ನನ್ನು ಬೇಡಿಕೊಳ್ಳುತ್ತಾನೆ. ಅದಕ್ಕೆ ಎಚ್ಚರವಾಗುತ್ತದೆ, ಲೊಂಡೊನ ಕೈ ಅದರ ಹಿಡಿತಕ್ಕೆ ಹೋಗುತ್ತದೆ, ಇಬ್ಬರೂ ಸಾಯುತ್ತಾರೆ. ಹಗೆ ಅಂದುಕೊಂಡದ್ದು ಗೆಳೆಯನೊಬ್ಬ ಮಾಡಿದ ಕೊನೆಯ ಉಪಕಾರ. ಆ ಜಿಕಾರ್‌ಗೆ ಒಂದೇ ಕಣ್ಣು. ಅದು ಹೋದದ್ದು ಹೇಗೆ ಅನ್ನುವುದು ನಾಲ್ಕನೇ ಸೀಸನ್‌ನಲ್ಲಿ, ಹುಚ್ಚು ಚಕ್ರವರ್ತಿ ಕಾರ್ಟೇಜಿಯಾನ ಆಸ್ಥಾನದಲ್ಲಿ ಗೊತ್ತಾಗುತ್ತದೆ.

ಇಷ್ಟು ಆದ ಮೇಲೆ ಮೊದಲ ಎಪಿಸೋಡ್ ಮತ್ತೆ ಹಾಕಿ, ಲೊಂಡೊ ಕನಸು ಹೇಳುವ ಜಾಗಕ್ಕೆ ಹೋಗಿ. ಮಾತು ಅದೇ, ದನಿಯೂ ಅದೇ. ಈ ಸಲ ನಿಮಗೆ ಏನು ಕೇಳಿಸಿತು ಅಂತ ಮೊದಲು ಬರೆದಿಟ್ಟ ಸಾಲಿನ ಕೆಳಗೆ ಬರೆಯಿರಿ.