ಒಂದು ರಾತ್ರಿ ಬಯಲಲ್ಲಿ ಮಲಗಿದರೆ ಮನೆಯಿಲ್ಲದವರಿಗೆ ಏನು ಸಿಗುತ್ತದೆ?

ಪ್ರಶ್ನೆ: ನಾವು ತುಮಕೂರಿನ ಪದವಿ ಕಾಲೇಜೊಂದರ ಎನ್‌ಎಸ್‌ಎಸ್ ಸ್ವಯಂಸೇವಕರು. ವಿದೇಶಗಳಲ್ಲಿ ವಿದ್ಯಾರ್ಥಿಗಳು ರಾತ್ರಿಯಿಡೀ ಹೊರಗೆ ಮಲಗಿ ಮನೆಯಿಲ್ಲದವರ ಬಗ್ಗೆ ಜಾಗೃತಿ ಮೂಡಿಸುತ್ತಾರೆ, ದೇಣಿಗೆಯನ್ನೂ ಸಂಗ್ರಹಿಸುತ್ತಾರೆ. ಡಿಸೆಂಬರಿನಲ್ಲಿ ನಾವೂ ಹಾಗೆ ಮಾಡಬೇಕೆಂದಿದ್ದೇವೆ. ಮನೆಯಲ್ಲಿ ಹೇಳಿದರೆ ‘ಇದೆಲ್ಲ ಶೋಕಿ’ ಎನ್ನುತ್ತಾರೆ. ಇದರಿಂದ ನಿಜಕ್ಕೂ ಯಾರಿಗಾದರೂ ಉಪಯೋಗವಿದೆಯೇ? ಕೂಡಿದ ಹಣವನ್ನು ಏನು ಮಾಡಬೇಕು?

ಉತ್ತರ: ಚಳಿಗಾಲ ಹತ್ತಿರವಾದಂತೆ ಈ ಪ್ರಶ್ನೆ ಒಂದಲ್ಲ ಒಂದು ಕಾಲೇಜಿನಿಂದ ಬರುತ್ತಲೇ ಇರುತ್ತದೆ. ಉಪಯೋಗ ಖಂಡಿತ ಇದೆ. ಆದರೆ ಹೊರಗೆ ಮಲಗುವುದು ಜನರ ಗಮನವನ್ನೂ ಹಣವನ್ನೂ ಸೆಳೆಯುವ ಒಂದು ಉಪಾಯವಷ್ಟೇ. ಮನೆಯಿಲ್ಲದವರಿಗೆ ಏನಾದರೂ ದಕ್ಕುವುದಿದ್ದರೆ ಅದು ಆ ರಾತ್ರಿಗೆ ಮೊದಲು ನೀವು ಮಾಡುವ ಓಡಾಟದಿಂದ ಮತ್ತು ಆ ರಾತ್ರಿಯ ನಂತರ ನೀವು ಬಿಡದೆ ಹಿಡಿಯುವ ಕೆಲಸದಿಂದ.

ನೀವು ನೋಡಿರುವ ಕಾರ್ಯಕ್ರಮಗಳ ಹಿನ್ನೆಲೆಯನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ವಾಣಿಜ್ಯ ವಿದ್ಯಾರ್ಥಿಗಳು 2005ರಲ್ಲಿ ಆರಂಭಿಸಿದ ‘ಫೈವ್ ಡೇಸ್ ಫಾರ್ ದಿ ಹೋಮ್‌ಲೆಸ್’ ಅಭಿಯಾನದಲ್ಲಿ ವಿದ್ಯಾರ್ಥಿಗಳು ಐದು ದಿನ ಕ್ಯಾಂಪಸ್ಸಿನ ಬಯಲಲ್ಲಿ ಮಲಗುತ್ತಾರೆ, ಯಾರಾದರೂ ಕೊಟ್ಟದ್ದನ್ನು ಮಾತ್ರ ಉಣ್ಣುತ್ತಾರೆ, ಸ್ನಾನವಿಲ್ಲದೆಯೇ ತರಗತಿಗಳಿಗೂ ಹಾಜರಾಗುತ್ತಾರೆ. ಆಸ್ಟ್ರೇಲಿಯಾದಲ್ಲಿ 2006ರಲ್ಲಿ ಕಂಪನಿ ಮುಖ್ಯಸ್ಥರು ಚಳಿಯಲ್ಲಿ ಮಲಗುವ ಪದ್ಧತಿ ಶುರುವಾಯಿತು. ಸ್ಕಾಟ್ಲೆಂಡಿನ ಎಡಿನ್‌ಬರೋದ ಉದ್ಯಾನವೊಂದರಲ್ಲಿ 2017ರ ಡಿಸೆಂಬರಿನ ಒಂದು ರಾತ್ರಿ ಸುಮಾರು 8 ಸಾವಿರ ಜನ ಮಲಗಿ ಲಕ್ಷಾಂತರ ಪೌಂಡ್ ಸಂಗ್ರಹಿಸಿದರು. ಇದೇ ಕಾರ್ಯಕ್ರಮ 2019ರ ಡಿಸೆಂಬರ್ 7ರಂದು ಲಂಡನ್ನಿನ ಟ್ರಫಾಲ್ಗರ್ ಚೌಕ ಮತ್ತು ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ವರೆಗೆ ಹಬ್ಬಿತು. ಎಲ್ಲ ಕಡೆಯೂ ಲೆಕ್ಕ ಒಂದೇ: ಮೈ ಕೊರೆಯುವ ಚಳಿಯಲ್ಲಿ ಪರಿಚಿತರೊಬ್ಬರು ನಡುಗುತ್ತ ಮಲಗುವರೆಂದರೆ ಬಂಧುಮಿತ್ರರು ಜೇಬಿಗೆ ಕೈ ಹಾಕುತ್ತಾರೆ. ಇದು ವೇಷ ಹಾಕಿಕೊಂಡು ಬಡತನವನ್ನು ಅಣಕಿಸಿದಂತೆ ಎಂಬ ಆಕ್ಷೇಪವೂ ಅಲ್ಲಿಯೇ, ಬೀದಿಯಲ್ಲಿ ಬದುಕಿ ಬಂದವರ ಬಾಯಿಂದಲೇ, ಕೇಳಿಬಂದಿದೆ.

ಈ ಲೆಕ್ಕ ತುಮಕೂರಿಗೆ ಅಷ್ಟು ಸಲೀಸಾಗಿ ಹೊಂದುವುದಿಲ್ಲ. ನಮ್ಮಲ್ಲಿ ಚಳಿ ಇದೆ, ಆದರೆ ಹಿಮ ಬೀಳುವ ಊರಿನ ಚಳಿಯಲ್ಲ. ಮೇಲಾಗಿ ಹೊರಗೆ ಮಲಗುವುದು ಈ ಸೀಮೆಯಲ್ಲಿ ಯಾರಿಗೂ ವಿಚಿತ್ರವಲ್ಲ. ಬೇಸಿಗೆಯಲ್ಲಿ ತಾರಸಿಯ ಮೇಲೆ ಚಾಪೆ ಹಾಸಿದವರು, ಜಾತ್ರೆಗೆ ಹೋಗಿ ಮರದಡಿ ಒರಗಿದವರು, ಸುಗ್ಗಿಯಲ್ಲಿ ರಾಗಿ ಕಣದ ಕಾವಲಿಗೆಂದು ಮೆದೆಯ ಮಗ್ಗುಲಲ್ಲಿ ಕಂಬಳಿ ಹೊದ್ದು ಮಲಗಿದವರು ಪ್ರತಿ ಮನೆಯಲ್ಲೂ ಇದ್ದಾರೆ. ನಿಮ್ಮ ಮನೆಯವರು ಶೋಕಿ ಎಂದದ್ದಕ್ಕೆ ಕಾರಣ ಇದೇ ಇರಬೇಕು. ಅವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ.

ಹಾಗಾದರೆ ಮನೆಯಿಲ್ಲದವರ ರಾತ್ರಿಗೂ ಕಣ ಕಾಯುವವರ ರಾತ್ರಿಗೂ ಏನು ವ್ಯತ್ಯಾಸ? ಎರಡು ವರ್ಷದ ಹಿಂದೆ ಕೆಲವು ಗೆಳೆಯರೊಂದಿಗೆ ನಗರದಲ್ಲಿ ರಾತ್ರಿ ಸುತ್ತಾಡಿ ಬೀದಿಯಲ್ಲಿ ಮಲಗಿದವರನ್ನು ಮಾತಾಡಿಸುವಾಗ ಕಂಡದ್ದನ್ನು ಹೇಳುತ್ತೇನೆ. ಬಸ್ ನಿಲ್ದಾಣಕ್ಕೆ ಹತ್ತಿರದ ಅಂಗಡಿ ಸಾಲೊಂದರಲ್ಲಿ ಅರವತ್ತರ ಆಸುಪಾಸಿನ ಹಿರಿಯರೊಬ್ಬರು ಅಂಗಡಿಯವನು ಷಟರ್ ಎಳೆದು ಹೊರಡುವವರೆಗೆ ಎದುರಿನ ಕಟ್ಟೆಯಲ್ಲಿ ಕುಳಿತು ಕಾದಿದ್ದರು. ಆಮೇಲೆ ಹಣ್ಣಿನ ಅಂಗಡಿಯಿಂದ ತಂದಿಟ್ಟುಕೊಂಡ ರಟ್ಟಿನ ಪೆಟ್ಟಿಗೆಯನ್ನು ಬಿಡಿಸಿ ಎರಡು ಪದರವಾಗಿ ಹಾಸಿದರು. ಚಪ್ಪಲಿಗಳನ್ನು ಒಂದರ ಮೇಲೊಂದಿಟ್ಟು ಟವೆಲಿನಲ್ಲಿ ಸುತ್ತಿ ತಲೆದಿಂಬು ಮಾಡಿಕೊಂಡರು, ಏಕೆಂದರೆ ಹೊರಗೆ ಬಿಟ್ಟ ಚಪ್ಪಲಿ ಬೆಳಿಗ್ಗೆ ಇರುವುದಿಲ್ಲ. ಆಧಾರ್ ಕಾರ್ಡಿನ ಜೆರಾಕ್ಸ್ ಮತ್ತು ಬಿಪಿ ಮಾತ್ರೆಯ ಪಟ್ಟಿ ಪ್ಲಾಸ್ಟಿಕ್ ಕವರಿನೊಳಗೆ ಸೇರಿ ಪಟಾಪಟಿ ಚಡ್ಡಿಯ ಜೇಬಿನಲ್ಲಿದ್ದವು. ನಸುಕಿನ ಐದರೊಳಗೆ ಎದ್ದು ಅಂಗಡಿಯ ಮುಂಭಾಗವನ್ನೆಲ್ಲ ಗುಡಿಸಬೇಕೆಂಬುದು ಅಂಗಡಿಯವನೊಂದಿಗಿನ ಒಪ್ಪಂದ. ‘ಬಾಡಿಗೆ ಅಂದ್ರೆ ಇದೇ ನೋಡಿ ಸ್ವಾಮಿ’ ಎಂದರು. ಚಳಿಯ ಮಾತೆತ್ತಿದಾಗ ನಕ್ಕು, ಚಳಿಯನ್ನು ಹೇಗೋ ತಡೆಯಬಹುದು, ಮಳೆ ಬಂದರೆ ಮಾತ್ರ ಕುಳಿತೇ ಬೆಳಗು ಮಾಡಬೇಕು ಎಂದರು. ಹಿಂದಿನ ವರ್ಷ ಬೇರೆ ಬೇರೆ ಸಂಘದವರು ಬಂದು ಮೂರು ಕಂಬಳಿ ಕೊಟ್ಟಿದ್ದರಂತೆ. ಒಂದನ್ನು ಉಳಿಸಿಕೊಂಡು ಎರಡನ್ನು ಯಾರಿಗೋ ಕೊಟ್ಟುಬಿಟ್ಟಿದ್ದರು. ಹಗಲು ಹೊತ್ತಿನಲ್ಲಿ ಅವನ್ನು ಇಡಲು ಜಾಗವಿರಲಿಲ್ಲ.

ಕಣ ಕಾಯುವವನಿಗೆ ಹಗಲು ಹೋಗಲು ಮನೆಯಿದೆ, ನಿಮಗೂ ಇದೆ. ಬೀದಿಯಲ್ಲಿ ಮಲಗುವವರಿಗೆ ಹಗಲೇ ಹೆಚ್ಚಿನ ಸಮಸ್ಯೆ: ಶೌಚಾಲಯಕ್ಕೆ ಎಲ್ಲಿ ಹೋಗುವುದು, ಬಟ್ಟೆ ಎಲ್ಲಿ ಒಗೆಯುವುದು, ಕೂಲಿಗೆ ಹೋಗುವಾಗ ಗಂಟನ್ನು ಯಾರ ಬಳಿ ಬಿಡುವುದು. ನಿಮ್ಮ ಕಾರ್ಯಕ್ರಮ ರಾತ್ರಿಯದ್ದಾದರೂ ಅಂದು ನಡೆಯುವ ಮಾತು ಈ ಹಗಲಿನ ಬಗ್ಗೆ ಇರಲಿ.

ಇನ್ನು ಪದದ ಗೊಂದಲವೊಂದನ್ನು ಮೊದಲೇ ಬಿಡಿಸಿಕೊಳ್ಳಿ. ಪೋಸ್ಟರಿನಲ್ಲಿ ‘ವಸತಿರಹಿತರಿಗಾಗಿ’ ಎಂದು ಬರೆದರೆ ಓದಿದವರು ಗ್ರಾಮ ಪಂಚಾಯಿತಿಯ ಮನೆ ಹಂಚಿಕೆಯ ವಿಷಯವೆಂದು ತಿಳಿಯುತ್ತಾರೆ. ಸ್ವಂತ ಮನೆಯಿಲ್ಲದೆ ಬಾಡಿಗೆಗೋ ಅಣ್ಣತಮ್ಮಂದಿರ ಜೊತೆಗೋ ಇರುವವರನ್ನು ನಮ್ಮ ವಸತಿ ಯೋಜನೆಗಳು ಆ ಹೆಸರಿನಿಂದಲೇ ಕರೆಯುವುದು. ಜನಗಣತಿಯ ಎಣಿಕೆ ಬೇರೆ. ಸೂರಿರುವ ಯಾವುದೇ ಕಟ್ಟಡದಲ್ಲಿ ವಾಸವಿಲ್ಲದೆ ರಸ್ತೆಬದಿ, ಮೇಲ್ಸೇತುವೆಯ ಕೆಳಗೆ, ಗುಡಿಯ ಅಂಗಳ, ರೈಲು ನಿಲ್ದಾಣಗಳಲ್ಲಿ ರಾತ್ರಿ ಕಳೆಯುವವರನ್ನು ಅದು ಪ್ರತ್ಯೇಕವಾಗಿ ಎಣಿಸುತ್ತದೆ. 2011ರ ಗಣತಿಯಲ್ಲಿ ಫೆಬ್ರುವರಿ 28ರ ಒಂದೇ ರಾತ್ರಿ ಈ ಎಣಿಕೆ ನಡೆಯಿತು. ದೇಶದಲ್ಲಿ 17 ಲಕ್ಷಕ್ಕೂ ಹೆಚ್ಚು, ಕರ್ನಾಟಕದಲ್ಲಿ ಸುಮಾರು 76 ಸಾವಿರ ಜನ ಸಿಕ್ಕರು. 2021ರಲ್ಲಿ ನಡೆಯಬೇಕಿದ್ದ ಗಣತಿ ಮುಂದೂಡಲ್ಪಟ್ಟಿದ್ದರಿಂದ ಇಂದಿಗೂ ಭಾಷಣಗಳಲ್ಲಿ ಓಡಾಡುತ್ತಿರುವುದು ಅದೇ ಹಳೆಯ ಅಂಕಿಗಳು.

ಒಂದು ರಾತ್ರಿಯ ಎಣಿಕೆಗೆ ಸಿಗದೆ ಹೋಗುವವರಲ್ಲಿ ಹೆಂಗಸರೇ ಹೆಚ್ಚೆಂಬುದು ಈ ಕೆಲಸದಲ್ಲಿ ತೊಡಗಿದವರ ಅನುಭವ. ಒಂಟಿ ಹೆಂಗಸು ಬಯಲಲ್ಲಿ ಕಾಲು ಚಾಚಿ ಮಲಗುವುದು ಅಪರೂಪ. ಆಸ್ಪತ್ರೆಯ ಕಾರಿಡಾರಿನಲ್ಲಿ ರೋಗಿಯ ಕಡೆಯವಳಂತೆ ಕುಳಿತಿರುತ್ತಾಳೆ, ಬೆಳಕಿರುವ ಪ್ಲಾಟ್‌ಫಾರಂ ಮೇಲೆ ರೈಲು ಕಾಯುವವಳಂತೆ ಗಂಟಿಗೆ ಒರಗಿರುತ್ತಾಳೆ, ಹಗಲು ದೇವಸ್ಥಾನದ ನೆರಳಿನಲ್ಲಿ ನಿದ್ದೆ ಮಾಡುತ್ತಾಳೆ. ನಿಮ್ಮ ಕಾರ್ಯಕ್ರಮಕ್ಕೆ ವಿದ್ಯಾರ್ಥಿನಿಯರಿಗೆ ಹಾಸ್ಟೆಲಿನಿಂದ ಅನುಮತಿ ಸಿಗದೆ ಹೋಗಬಹುದು. ಹಾಗಾದಲ್ಲಿ ಸಿಟ್ಟಾಗುವ ಬದಲು ಅದನ್ನೇ ಸಭೆಯ ಚರ್ಚೆಗೆ ತನ್ನಿ. ನಾಲ್ಕು ಗೋಡೆಯ ಕ್ಯಾಂಪಸ್ಸಿನಲ್ಲಿ, ಕಾವಲುಗಾರನಿದ್ದೂ, ಹೆಣ್ಣುಮಕ್ಕಳು ಒಂದು ರಾತ್ರಿ ಹೊರಗೆ ಮಲಗುವುದು ಅಸಾಧ್ಯವೆನಿಸುವುದಾದರೆ ಆ ಪ್ಲಾಟ್‌ಫಾರಮ್ಮಿನ ಹೆಂಗಸಿನ ಪಾಡೇನು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಸರ್ಕಾರದ ಹೊಣೆ ಏನೆಂಬುದು ಸ್ಪಷ್ಟವಾಗಿಯೇ ಇದೆ. ದೆಹಲಿಯ ಚಳಿಯಲ್ಲಿ ಬೀದಿಯಲ್ಲಿದ್ದವರು ಸಾಯುತ್ತಿದ್ದ ಹಿನ್ನೆಲೆಯಲ್ಲಿ 2010ರಲ್ಲಿ ಮಧ್ಯಪ್ರವೇಶಿಸಿದ ಸುಪ್ರೀಂ ಕೋರ್ಟ್, ಬಳಿಕ ಇತರ ರಾಜ್ಯಗಳ ನಗರಗಳಲ್ಲೂ ರಾತ್ರಿ ಆಶ್ರಯ ಕೇಂದ್ರಗಳನ್ನು ತೆರೆಯುವಂತೆ ಸೂಚಿಸಿತು. 2013ರಲ್ಲಿ ಬಂದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ, ಪ್ರತಿ 1 ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನರಿಗೆ ಸ್ಥಳವಿರುವ ಆಶ್ರಯ ಕೇಂದ್ರ ಇರಬೇಕೆಂದೂ, ತಲಾ ಸುಮಾರು 50 ಚದರ ಅಡಿ ಜಾಗ ಸಿಗಬೇಕೆಂದೂ ಹೇಳಿತು; ಮಲಗಲು ಜಾಗ ಕೊಟ್ಟರಷ್ಟೇ ಸಾಲದು, ಗುರುತಿನ ಚೀಟಿ, ಪಡಿತರ, ಪಿಂಚಣಿ, ಚಿಕಿತ್ಸೆಗಳನ್ನೂ ಜೋಡಿಸಿಕೊಡಬೇಕೆಂದಿತು. 2011ರ ಗಣತಿಯಲ್ಲಿ ತುಮಕೂರು ನಗರದ ಜನಸಂಖ್ಯೆ ಸುಮಾರು 3 ಲಕ್ಷ. ಆ ಹಳೆಯ ಲೆಕ್ಕ ಹಿಡಿದರೂ 300 ಜನರಿಗೆ ಜಾಗವಿರಬೇಕು. ಎಷ್ಟಿದೆ, ಎಲ್ಲಿದೆ, ಹೆಂಗಸರಿಗೆ ಬೇರೆ ಇದೆಯೇ ಎಂಬುದನ್ನು ಮಹಾನಗರ ಪಾಲಿಕೆಗೆ ಮಾಹಿತಿ ಹಕ್ಕು ಅರ್ಜಿ ಕೊಟ್ಟು ಲಿಖಿತವಾಗಿ ಪಡೆಯಿರಿ. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ಆದ್ದರಿಂದ ಡಿಸೆಂಬರಿನ ಕಾರ್ಯಕ್ರಮಕ್ಕೆ ಅಕ್ಟೋಬರಿನಲ್ಲೇ ಹಾಕಬೇಕು. ನನ್ನನ್ನು ಕೇಳಿದರೆ ನಿಮ್ಮ ಇಡೀ ಕಾರ್ಯಕ್ರಮದಲ್ಲಿ ಅತ್ಯಂತ ಅಗ್ಗವಾದ, ಅತ್ಯಂತ ಪರಿಣಾಮಕಾರಿಯಾದ ಭಾಗ ಇದೇ.

ಇದರ ಜೊತೆಗೆ ಮನೆಯಿಂದ ಆಸ್ತಿ ತೆರಿಗೆಯ ರಸೀದಿಯೊಂದನ್ನು ತನ್ನಿ. ಅದರಲ್ಲಿ ಗ್ರಂಥಾಲಯ ಕರದ ಸಾಲಿನ ಪಕ್ಕ ಭಿಕ್ಷುಕರ ಕರ ಎಂದಿರುತ್ತದೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಆಸ್ತಿ ತೆರಿಗೆಯ ಮೇಲೆ ಶೇ 3ರಷ್ಟು ಕರವನ್ನು ಸ್ಥಳೀಯ ಸಂಸ್ಥೆಗಳು ವಸೂಲಿ ಮಾಡಿ, ನಿರಾಶ್ರಿತರ ಪರಿಹಾರ ಕೇಂದ್ರಗಳನ್ನು ನಡೆಸುವ ಸಮಿತಿಗೆ ಕಟ್ಟಬೇಕು. ಅಂದರೆ ಮನೆಯುಳ್ಳ ಪ್ರತಿಯೊಬ್ಬರೂ ತಮಗೆ ಗೊತ್ತಿಲ್ಲದೆಯೇ ಇದಕ್ಕೆ ದೇಣಿಗೆ ಕೊಡುತ್ತಲೇ ಇದ್ದಾರೆ. ಶೋಕಿ ಎಂದ ನಿಮ್ಮ ಮನೆಯವರಿಗೆ ಈ ಸಾಲನ್ನು ತೋರಿಸಿದರೆ ಬಹುಶಃ ಮಾತಿನ ಧಾಟಿ ಬದಲಾಗುತ್ತದೆ. ಅದೇ ಕಾಯ್ದೆಗೆ ಇನ್ನೊಂದು ಮುಖವೂ ಇದೆ: ಜೀವನೋಪಾಯ ಕಾಣದೆ ಸಾರ್ವಜನಿಕ ಸ್ಥಳದಲ್ಲಿ ಅಲೆಯುವವರನ್ನೂ ಭಿಕ್ಷುಕರೆಂದು ಹಿಡಿದೊಯ್ಯಲು ಅದು ಅವಕಾಶ ಕೊಡುತ್ತದೆ. ನೀವು ಬ್ಯಾನರ್ ಕಟ್ಟಿ ಮಲಗಿದರೆ ಕಾರ್ಯಕ್ರಮ, ಹತ್ತು ಹೆಜ್ಜೆಯಾಚೆ ಬ್ಯಾನರ್ ಇಲ್ಲದೆ ಮಲಗಿದವರು ಪೊಲೀಸರ ಲಾಠಿಯ ಸದ್ದಿಗೆ ಎದ್ದು ಜಾಗ ಬದಲಿಸಬೇಕು.

ಹಣದ ವಿಚಾರಕ್ಕೆ ಬರೋಣ. ಕಂಬಳಿ ಕೊಳ್ಳಬೇಡಿ ಎಂದು ಮೇಲಿನ ಹಿರಿಯರ ಮಾತಿನಿಂದಲೇ ನಿಮಗೆ ತಿಳಿದಿರಬಹುದು. ಊಟಕ್ಕೂ ಸುರಿಯಬೇಕಿಲ್ಲ. ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ದಶಕಗಟ್ಟಲೆ ನಡೆಸಿದ ಶಿವಕುಮಾರ ಸ್ವಾಮೀಜಿಯವರ ಸಿದ್ಧಗಂಗಾ ಮಠ ಇರುವ ಊರಿದು. ಹಸಿದವರಿಗೆ ತಟ್ಟೆ ಇಡುವ ಕೈಗಳು ಇಲ್ಲಿ ಹೇಗೋ ಸಿಗುತ್ತವೆ. ಕೊರತೆ ಬೀಳುವುದು ಯಾವ ಯೋಜನೆಯ ಪಟ್ಟಿಗೂ ಸೇರದ ಚಿಕ್ಕ ಖರ್ಚುಗಳಿಗೆ: ಕಳೆದುಹೋದ ದಾಖಲೆ ಮತ್ತೆ ಮಾಡಿಸಲು ಬೇಕಾಗುವ ಅಫಿಡವಿಟ್ಟು ಮತ್ತು ಓಡಾಟದ ಖರ್ಚು, ಕನ್ನಡಕ, ತಿಂಗಳ ಮಾತ್ರೆ, ಪಾವಗಡಕ್ಕೋ ಮಧುಗಿರಿಗೋ ಸ್ವಂತ ಊರಿಗೆ ಮರಳಲು ಬಯಸುವವರಿಗೆ ಬಸ್ ಚಾರ್ಜು. ಆಶ್ರಯ ಕೇಂದ್ರದಲ್ಲಿ ಬೀಗ ಹಾಕಬಹುದಾದ ಪೆಟ್ಟಿಗೆಗಳನ್ನು ಇರಿಸಿದರೆ, ಸಾಮಾನು ಕಳುವಾಗುವ ಭಯದಿಂದ ಅಲ್ಲಿಗೆ ಬರಲು ಹಿಂಜರಿಯುವ ಕೆಲವರಾದರೂ ಬಂದಾರು. ಹಣವನ್ನು ನಿಮ್ಮ ಯಾರೊಬ್ಬರ ಫೋನ್‌ಪೇಗೂ ಹಾಕಿಸಿಕೊಳ್ಳದೆ, ಕಾಲೇಜಿನ ಅಥವಾ ನೋಂದಾಯಿತ ಸಂಸ್ಥೆಯ ಖಾತೆಗೇ ನೇರವಾಗಿ ಬರುವಂತೆ ಮಾಡಿ. ವಿದೇಶಿ ಪೌರತ್ವ ಪಡೆದ ನೆಂಟರ ಹಣವನ್ನು, ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿಯಾಗದ ಸಂಸ್ಥೆ ಪಡೆಯುವಂತಿಲ್ಲ. ಅಮೆರಿಕದ ಚಿಕ್ಕಪ್ಪನ ಉತ್ಸಾಹಕ್ಕೆ ಅಲ್ಲಿಯೇ ಕಡಿವಾಣ ಹಾಕಿ.

ರಾತ್ರಿಯ ಏರ್ಪಾಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಲೇಜಿನ ಆವರಣವೇ ಸಾಕು, ಪ್ರಾಂಶುಪಾಲರ ಅನುಮತಿಯ ಜೊತೆಗೆ ಠಾಣೆಗೂ ಒಂದು ಪತ್ರ ಕೊಡಿ, ರಾತ್ರಿ ಹತ್ತರ ನಂತರ ಧ್ವನಿವರ್ಧಕಕ್ಕೆ ಹೇಗೂ ನಿಷೇಧವಿದೆ. ಬೀದಿಯಲ್ಲಿ ಮಲಗಿದವರ ಮುಖಕ್ಕೆ ಮೊಬೈಲ್ ಹಿಡಿದು ರೀಲ್ಸ್ ಮಾಡುವುದನ್ನು ಮಾತ್ರ ಯಾವ ಕಾರಣಕ್ಕೂ ಒಪ್ಪಬೇಡಿ. ಎಷ್ಟೋ ಜನ ತಾವು ಹೀಗಿರುವುದನ್ನು ಊರಿನವರಿಗೆ ತಿಳಿಸಿರುವುದಿಲ್ಲ. ನಗರದಲ್ಲಿ ಸುತ್ತುವಾಗ ಒಂಟಿ ಮಗು ಕಂಡರೆ 1098ಕ್ಕೆ, ದಿಕ್ಕಿಲ್ಲದ ಹಿರಿಯರಿಗೆ ನೆರವು ಬೇಕಿದ್ದರೆ 14567ಕ್ಕೆ ಕರೆ ಮಾಡಬಹುದು. ಮಾನಸಿಕ ಅಸ್ವಸ್ಥತೆಯಿಂದ ಅಲೆಯುತ್ತಿರುವವರನ್ನು ರಕ್ಷಣೆಗೆ ಪಡೆದು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಪೊಲೀಸರ ಕರ್ತವ್ಯ. ಅದನ್ನು ಅವರಿಗೆ ವಿನಯದಿಂದಲೇ ನೆನಪಿಸಬಹುದು.

ಬೆಳಿಗ್ಗೆ ಚಾಪೆ ಸುತ್ತಿ ಮನೆಗೆ ಹೋಗಿ ನಿದ್ದೆ ಮಾಡುವ ಮೊದಲು ಎರಡು ಕೆಲಸ ಉಳಿದಿರುತ್ತವೆ. ಮಾಹಿತಿ ಹಕ್ಕಿನಡಿ ಬಂದ ಉತ್ತರವನ್ನೂ ನೀವು ಕಂಡ ಸ್ಥಿತಿಯನ್ನೂ ಒಂದು ಪುಟದಲ್ಲಿ ಬರೆದು ಪಾಲಿಕೆ ಆಯುಕ್ತರ ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು. ಎಷ್ಟು ಹಣ ಬಂತು, ಯಾವುದಕ್ಕೆ ಹೋಯಿತು ಎಂಬ ಲೆಕ್ಕವನ್ನು ಒಂದು ವಾರದೊಳಗೆ, ಕಾರ್ಯಕ್ರಮದ ಪೋಸ್ಟರ್ ಅಂಟಿಸಿದ್ದ ಅದೇ ಸೂಚನಾ ಫಲಕದ ಮೇಲೆ, ರಸೀದಿಗಳ ಪ್ರತಿಯೊಂದಿಗೆ ಹಾಕಬೇಕು.