ಸ್ಟ್ರೈಕ್ ಬಿದ್ದ ಮೇಲೂ ಅಂಕದ ಮನೆ ಖಾಲಿ ಏಕೆ?

ಪ್ರಶ್ನೆ: ಬೌಲಿಂಗ್‌ನಲ್ಲಿ ಮೊದಲ ಚೆಂಡಿಗೇ ಹತ್ತೂ ಪಿನ್ ಉರುಳಿಸಿದೆ. ಪರದೆಯ ಮೇಲೆ ಗುರುತು ಬಂತು, ಅಂಕ ಬರಲಿಲ್ಲ. ಸ್ಟ್ರೈಕ್‌ಗೆ 30 ಅಂಕ ಅಲ್ಲವೇ?

ಉತ್ತರ: ಅಲ್ಲ. ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಟ್ಟಿಲ್ಲ, ಆದರೂ ಪ್ರಶ್ನೆ ಬರುತ್ತಲೇ ಇದೆ. ಯಂತ್ರ ಕೆಟ್ಟಿಲ್ಲ, ಅದು ನಿಮ್ಮ ಮುಂದಿನ ಎರಡು ಎಸೆತಗಳಿಗಾಗಿ ಕಾಯುತ್ತಿದೆ. ಹತ್ತು ಫ್ರೇಮ್‌ಗಳ, ಅಂದರೆ ಹತ್ತು ಸರದಿಗಳ ಈ ಆಟದಲ್ಲಿ ಒಂದು ಫ್ರೇಮ್‌ನ ಎರಡು ಎಸೆತಗಳ ನಂತರವೂ ಪಿನ್ ಉಳಿದರೆ ಬಿದ್ದಷ್ಟೇ ಅಂಕ. ಎರಡನೆಯ ಎಸೆತದಲ್ಲಿ ಹತ್ತೂ ಮುಗಿದರೆ ಅದು ಸ್ಪೇರ್, 10ರ ಜೊತೆಗೆ ಮುಂದಿನ ಒಂದು ಎಸೆತದಲ್ಲಿ ಬಿದ್ದ ಪಿನ್‌ಗಳು ಸೇರುತ್ತವೆ. ಸ್ಟ್ರೈಕ್ ಆದರೆ 10ರ ಜೊತೆಗೆ ಮುಂದಿನ ಎರಡು ಎಸೆತಗಳ ಪಿನ್‌ಗಳು ಸೇರುತ್ತವೆ. ಎರಡು ಫ್ರೇಮ್‌ಗಳಲ್ಲ, ಎರಡು ಎಸೆತಗಳು.

30 ಎಂಬುದು ಸ್ಟ್ರೈಕ್‌ನ ಬೆಲೆಯಲ್ಲ, ಅದು ತಲುಪಬಹುದಾದ ಗರಿಷ್ಠ ಮಿತಿ. ಕಾಗದ ಪೆನ್ನು ಹಿಡಿದು ಒಮ್ಮೆ ಲೆಕ್ಕ ಹಾಕಿ ನೋಡಿ. ಒಬ್ಬರು ಮೊದಲ ಐದು ಫ್ರೇಮ್‌ಗಳಲ್ಲಿ ಸತತ ಸ್ಟ್ರೈಕ್ ಹೊಡೆದು, ಉಳಿದ ಐದರಲ್ಲಿ ಪ್ರತಿ ಸಲವೂ ಮೊದಲ ಚೆಂಡಿಗೆ ಒಂಬತ್ತು ಪಿನ್ ಬೀಳಿಸಿ ಎರಡನೆಯದನ್ನು ತಪ್ಪಿಸಿಕೊಂಡರು ಎನ್ನೋಣ. ಅವರ ಫ್ರೇಮ್‌ಗಳಿಗೆ ಕ್ರಮವಾಗಿ 30, 30, 30, 29, 19, ಆಮೇಲೆ ಐದು ಸಲ 9, ಒಟ್ಟು 183. ಇನ್ನೊಬ್ಬರು ಇದೇ ಐದು ಸ್ಟ್ರೈಕ್‌ಗಳನ್ನೂ ಇದೇ ಐದು ಒಂಬತ್ತುಗಳನ್ನೂ ಒಂದು ಬಿಟ್ಟು ಒಂದರಂತೆ ಗಳಿಸಿದರೆ, ಪ್ರತಿ ಸ್ಟ್ರೈಕ್‌ಗೆ ಸಿಗುವುದು 19 ಮಾತ್ರ, ಒಟ್ಟು 140. ಇಬ್ಬರೂ ಉರುಳಿಸಿದ್ದು 95 ಪಿನ್‌ಗಳನ್ನೇ! ಸ್ಟ್ರೈಕ್‌ಗೆ ಕಡ್ಡಾಯವಾಗಿ 30 ಇದ್ದಿದ್ದರೆ ಇಬ್ಬರಿಗೂ 195 ಬರಬೇಕಿತ್ತು. ಸತತವಾಗಿ ಚೆನ್ನಾಗಿ ಆಡುವವರಿಗೆ ಹೆಚ್ಚು ಕೊಡುವ ಈ ಲೆಕ್ಕವೇ ಆಟದ ಜೀವ ಎಂದು ನಾನು ಕಲಿಯಲು ಬಂದವರಿಗೆಲ್ಲ ಹೇಳುತ್ತೇನೆ.

ಹತ್ತನೆಯ ಫ್ರೇಮ್‌ನಲ್ಲಿ ಸ್ಟ್ರೈಕ್ ಹೊಡೆದವರಿಗೆ ಇನ್ನೆರಡು ಎಸೆತ, ಸ್ಪೇರ್ ಮಾಡಿದವರಿಗೆ ಇನ್ನೊಂದು ಎಸೆತ ಸಿಗುವುದೂ ಇದೇ ಕಾರಣಕ್ಕೆ. ಪರಿಪೂರ್ಣ 300ಕ್ಕೆ ಹತ್ತಲ್ಲ, ಹನ್ನೆರಡು ಸ್ಟ್ರೈಕ್ ಬೇಕು. ವರ್ಲ್ಡ್ ಬೌಲಿಂಗ್ ಸಂಸ್ಥೆ ಕೆಲವು ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಸ್ಟ್ರೈಕ್‌ಗೆ ನೇರವಾಗಿ 30 ಕೊಡುವ ಬೇರೊಂದು ಪದ್ಧತಿಯನ್ನು ಬಳಸಿದ್ದು ನಿಜ. ಅಲ್ಲಿ ಹತ್ತೇ ಸ್ಟ್ರೈಕ್‌ಗೆ 300 ಆಗುತ್ತದೆ. ಆದರೆ ಮಾಲ್‌ಗಳಲ್ಲಿ ನೀವು ಆಡುವಾಗ ಪರದೆ ಹಾಕುವುದು ಹಳೆಯ ಲೆಕ್ಕವನ್ನೇ.

ಇಷ್ಟು ತಿಳಿದವರೂ ಎಡವುವ ಇನ್ನೊಂದು ಜಾಗವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮೊದಲ ಚೆಂಡು ಗಟರ್‌ಗೆ, ಅಂದರೆ ಪಕ್ಕದ ಕಾಲುವೆಗೆ ಹೋಗಿ, ಎರಡನೆಯ ಚೆಂಡಿಗೆ ಹತ್ತೂ ಪಿನ್ ಒಟ್ಟಿಗೆ ಉರುಳಿದರೆ ಅದು ಸ್ಪೇರ್, ಸ್ಟ್ರೈಕ್ ಅಲ್ಲ. ಮೊದಲ ಎಸೆತದಲ್ಲಿ ಫೌಲ್ ಗೆರೆ (ಎಸೆಯುವವರು ದಾಟಬಾರದ ಗೆರೆ) ದಾಟಿದರೂ ಹಾಗೆಯೇ: ಆ ಎಸೆತಕ್ಕೆ ಸೊನ್ನೆ, ಹತ್ತೂ ಪಿನ್ ಮತ್ತೆ ನಿಲ್ಲುತ್ತವೆ, ಆಮೇಲೆ ಒಂದೇ ಏಟಿಗೆ ಎಲ್ಲವನ್ನೂ ಕೆಡವಿದರೂ ಮುಂದಿನ ಒಂದೇ ಎಸೆತದ ಪಿನ್‌ಗಳು ನಿಮ್ಮ ಲೆಕ್ಕಕ್ಕೆ ಸೇರುತ್ತವೆ.